ರಾಗ್ನಾಳ ಬುತ್ತಿಯಲ್ಲಿ ಇಲ್ಲದ್ದು

ರಾಗ್ನಾಳ ಮುತ್ತಾತ ಬೋಗಿ ಐಸ್‌ಲ್ಯಾಂಡಿನಿಂದ ಮ್ಯಾನಿಟೋಬಾಕ್ಕೆ ಬಂದು ಹಡಗಿಳಿದ ಮೊದಲ ಚಳಿಗಾಲದಲ್ಲೇ ಸರೋವರದ ದಡದ ಮೇಲಿನ ಗುಡಿಸಲುಗಳಿಗೆ ಸಿಡುಬು ತಗುಲಿತು. ಆಗ ಹೆಪ್ಪುಗಟ್ಟಿದ ನೀರಿನ ಮೇಲೆ ಆರು ದಿನ ನಡೆದು ಹಿಟ್ಟು, ಉಪ್ಪು, ಔಷಧಿ ಎಳೆದು ತಂದವನು ಆತ. ಅವನ ಮಗ ಮುಂಡಿ ಕುದುರೆ ಕಟ್ಟಿದ ಜಾರುಬಂಡಿಗಳಲ್ಲಿ ಮೀನು ಸಾಗಿಸಿದವನು. ಇಪ್ಪತ್ತು ಚಳಿಗಾಲದಲ್ಲಿ ಒಂದು ಕುದುರೆಯನ್ನೂ ನೀರಿಗೆ ಕೊಟ್ಟವನಲ್ಲ. ಮಂಜುಗಡ್ಡೆಯನ್ನು ಅಳೆದವನು ಮೊದಲ ಬಂಡಿಯ ಮುಂದೆ ತಾನೇ ನಡೆಯಬೇಕು ಎಂಬ ಕಟ್ಟಳೆ ಹಾಕಿದವನು ಅವನೇ. ಮುಂಡಿಯ ಮಗ ಲಾರಸ್ ಕುದುರೆ ಬಿಟ್ಟು ಟ್ರ್ಯಾಕ್ಟರ್ ಹಿಡಿದ. ಒಂದರ ಹಿಂದೊಂದು ಹತ್ತು ಬಂಡಿ ಕಟ್ಟಿಕೊಂಡು ಮ್ಯಾನಿಟೋಬಾದ ಉತ್ತರದ ಊರುಗಳಿಗೆಲ್ಲ ದಾರಿ ತುಳಿದ. ಅವನು ಒಂದೇ ಒಂದು ಸಲ ಬೇರೆಯವನ ಅಳತೆಯನ್ನು ನಂಬಿ ಹೊರಟ, ಟ್ರ್ಯಾಕ್ಟರ್ ಸಮೇತ ಮುಳುಗಿದ. ಚಾವಣಿಯ ಕಿಂಡಿಯಿಂದ ಹೇಗೋ ಹೊರಬಿದ್ದ. ಜೀವ ಉಳಿಯಿತು, ಎಡಗೈಯ ಮೂರು ಬೆರಳು ಉಳಿಯಲಿಲ್ಲ. ರಾಗ್ನಾ ಹುಟ್ಟಿದ್ದು ಅದಾದ ಮೇಲೆ. ಎರಡೇ ಬೆರಳಿದ್ದ ಆ ಕೈ ಹಿಡಿದು ಅವಳು ನಡೆಯಲು ಕಲಿತಳು.

ಇಂಥವರ ಮಗಳು ಮೀನಿನ ಸಹಕಾರ ಸಂಘದಲ್ಲಿ ಟೈಪ್ ಹೊಡೆಯುತ್ತ ಇಪ್ಪತ್ತು ವರ್ಷ ಕಳೆದಳು. ನಲವತ್ತು ದಾಟಿದ ಮೇಲೆ, ಒಂದು ಹಳೆಯ ಪುಸ್ತಕ ಮುಂದಿಟ್ಟುಕೊಂಡು, ಯಾರ ಕಾಲೂ ಹಿಡಿಯದೆ, ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಆಗ ತಾನೇ ಮಂಜುಗಡ್ಡೆ ಅಳೆಯುವ ರೇಡಾರ್ ಬಂದಿತ್ತು. ಸ್ನೋಮೊಬೈಲಿನ ಹಿಂದೆ ಅದನ್ನು ಎಳೆದುಕೊಂಡು ಹೋದರೆ ಪ್ರತಿ ಮೀಟರಿಗೂ ಒಂದು ಅಳತೆ ಬರೆದುಕೊಳ್ಳುತ್ತಿತ್ತು. ಆ ಲಕ್ಷಾಂತರ ಅಂಕಿಗಳ ರಾಶಿಯಿಂದ 'ಇಲ್ಲಿ ಇಷ್ಟು ಟನ್ ಹೋಗಬಹುದು, ಇಲ್ಲಿ ಬೇಡ' ಎಂದು ಹೇಳುವ ಪ್ರೋಗ್ರಾಂ ರಾಗ್ನಾಳದು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಹದಿನೇಳು ಚಳಿಗಾಲದಿಂದ ಲೂನ್‌ಟೇಲ್ ಸರೋವರ ಹೆಪ್ಪುಗಟ್ಟಿದಾಗ ಅದರ ಮೇಲೆ ಲಾರಿಗಳು ಓಡುವ ಹಿಮರಸ್ತೆ ಅವಳ ಮಾತಿನ ಮೇಲೆ ತೆರೆಯುತ್ತಿತ್ತು, ಅವಳ ಮಾತಿನ ಮೇಲೆ ಮುಚ್ಚುತ್ತಿತ್ತು.

ಪ್ರೋಗ್ರಾಂ ಪೂರ್ತಿ ಅವಳೊಬ್ಬಳ ಕೈಯದಲ್ಲ. ಯಾರ ಪ್ರೋಗ್ರಾಮೂ ಹಾಗಿರುವುದಿಲ್ಲ ಬಿಡಿ. ರೇಡಾರಿನ ಬರಹ ಓದಲು ಒಬ್ಬರು ಬರೆದಿಟ್ಟ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಅಂಕಿಗಳ ಲೆಕ್ಕಕ್ಕೆ ಇನ್ನೊಬ್ಬರದು, ನಕ್ಷೆ ಬಿಡಿಸಲು ಮತ್ತೊಬ್ಬರದು. ಊರಲ್ಲಾದರೆ ಬೇಕೆಂದಾಗ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬಹುದು. ಸರೋವರದ ದಡದಲ್ಲಿ ರಸ್ತೆ ಕಾಯುವ ಹಲಗೆಮನೆಯಲ್ಲಿ ಸಿಗುವುದು ರೇಡಿಯೋ ಮತ್ತು ಗಾಳಿ ಎರಡೇ. ಅದಕ್ಕೇ ರಾಗ್ನಾ ಪ್ರತಿ ವರ್ಷ ಡಿಸೆಂಬರಿನಲ್ಲಿ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿ, ಬಲೆ ಹೆಣೆಯುವ ಕೆಂಪು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡು ಬರುತ್ತಿದ್ದಳು. ಅದನ್ನವಳು ಬುತ್ತಿ ಎನ್ನುತ್ತಿದ್ದಳು. ಯಾವ ಲೈಬ್ರರಿ, ಯಾವ ಆವೃತ್ತಿ ಎಂದು ಒಂದು ಪಟ್ಟಿ. ಪಟ್ಟಿಯಲ್ಲಿದ್ದದ್ದು ಬುತ್ತಿಯಲ್ಲಿ ಇರಲೇಬೇಕು. ಕಟ್ಟಿದ ಬುತ್ತಿಯನ್ನು ಮನೆಯ ನೆಲಮಾಳಿಗೆಯ ಬರಿಯ ಲ್ಯಾಪ್‌ಟಾಪಿನಲ್ಲಿ, ಅಂದರೆ ಯಾವ ಲೈಬ್ರರಿಯ ಸೋಂಕೂ ಇಲ್ಲದ ಯಂತ್ರದಲ್ಲಿ, ಓಡಿಸಿ ನೋಡಬೇಕು. ಅಲ್ಲಿ ಓಡಿದರೆ ಎಲ್ಲಿಯಾದರೂ ಓಡೀತು. ಇದು ಅವಳ ಕಟ್ಟಳೆ.

ಆ ಫೆಬ್ರವರಿ ಸರಿಯಾಗಿ ಚಳಿ ಕಟ್ಟಿರಲಿಲ್ಲ. ಸರೋವರದ ಆಚೆ ದಡದ ಸ್ಯಾಂಡ್ ನ್ಯಾರೋಸ್ ಊರಿನಲ್ಲಿ ವಿದ್ಯುತ್ತಿಗೆ ಬೇಕಾದ ಡೀಸೆಲ್ ಒಂಬತ್ತು ದಿನಕ್ಕಾಗುವಷ್ಟು ಉಳಿದಿತ್ತು. ಹಿಂದಿನ ದಿನ ಎಲೈಜಾ ರೇಡಾರ್ ಎಳೆದುಕೊಂಡು ಇಪ್ಪತ್ತೇಳು ಕಿಲೋಮೀಟರ್ ಹೋಗಿ ಬಂದಿದ್ದ. ಎಲೈಜಾ ಆಚೆ ದಡದ ಮೂಲನಿವಾಸಿ ಕ್ರೀ ಜನದವನು, ದಪ್ಪ ಕೈಯ, ನಿಧಾನ ಮಾತಿನ ಮನುಷ್ಯ. ಹಲಗೆಮನೆಯ ರೇಡಿಯೋ ಅವನ ಸುಪರ್ದಿಯಲ್ಲಿತ್ತು. ರಾಗ್ನಾ ಬುತ್ತಿ ಬಿಚ್ಚಿ ಅಲ್ಲಿನ ಲ್ಯಾಪ್‌ಟಾಪಿಗೆ ಚುಚ್ಚಿ ಲೆಕ್ಕ ತೆಗೆದಳು. ಅತಿ ತೆಳುವಾದ ಜಾಗ ನೂರ ಏಳು ಸೆಂಟಿಮೀಟರ್. ಮೂವತ್ತೆಂಟು ಟನ್ನಿನ ಟ್ಯಾಂಕರಿಗೆ ತೊಂಬತ್ತೆಂಟು ಸಾಕು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 'ತೆರೆದಿದೆ' ಎಂದು ಬರೆದು ಸಹಿ ಹಾಕಿದಳು.

ಹತ್ತೂ ಇಪ್ಪತ್ತಕ್ಕೆ ಮೊದಲ ಟ್ಯಾಂಕರ್ ಮಂಜುಗಡ್ಡೆಗೆ ಇಳಿಯಿತು. ಓಡಿಸುತ್ತಿದ್ದವನು ರಾಗ್ನಾಳ ತಮ್ಮ ಸ್ಟೀನಿ. ಗಾಡಿ ಮುಳುಗಿದರೆ ಹಾರಿಕೊಳ್ಳಲೆಂದು ಸೀಟ್ ಬೆಲ್ಟ್ ಬಿಚ್ಚಿ, ಬಾಗಿಲನ್ನು ಒಂದು ಗೇಣು ತೆರೆದೇ ಇಟ್ಟು, ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ.

"ಏನಕ್ಕಾ, ಮೊದಲ ಗಾಡಿ ಮುಂದೆ ನಡೆಯಲ್ವಾ? ತಾತ ಇದ್ದಿದ್ರೆ ಕಿವಿ ಹಿಂಡ್ತಿದ್ದ," ಎಂದು ಹೊರಡುವಾಗ ಅವನು ಕೆಣಕಿದ್ದ.

"ತಾತನ ಹತ್ರ ರೇಡಾರ್ ಇರಲಿಲ್ಲ. ಹೋಗೋ, ಬಾಗಿಲಿಂದ ಚಳಿ ಬರುತ್ತೆ," ಎಂದಿದ್ದಳು ಅವಳು.

ಆಮೇಲೆ ಒಲೆಯ ಪಕ್ಕ ಕೂತು, ಸಕ್ಕರೆಯ ಅಚ್ಚೊಂದನ್ನು ಹಲ್ಲಿನ ನಡುವೆ ಇಟ್ಟುಕೊಂಡು, ಅದರ ಮೂಲಕ ಕಪ್ಪು ಕಾಫಿ ಹೀರುತ್ತ, ಸುಮ್ಮನೆ ನಕ್ಷೆಯ ಮೇಲೆ ಕಣ್ಣಾಡಿಸಿದಳು. ಉದ್ದಕ್ಕೂ ಗಟ್ಟಿಯೆಂದು ಹೇಳುವ ನೀಲಿ. ಈ ದಡದಿಂದ ಆ ದಡದವರೆಗೆ ಒಂದೇ ಸಮ ನೀಲಿ.

ಸಕ್ಕರೆ ಬಾಯಲ್ಲಿ ಕರಗುವುದನ್ನು ಮರೆತಂತೆ ನಿಂತಿತು.

ರೇಡಾರ್ ಎಲ್ಲ ಕಡೆಯೂ ಓದುವುದಿಲ್ಲ. ಮಂಜುಗಡ್ಡೆಯೊಳಗೆ ನೀರು ಸೇರಿ ಕೆಸರಾದ ಕಡೆ ಅದಕ್ಕೆ ಕುರುಡು ಕವಿಯುತ್ತದೆ, ಅಂಕಿಯ ಜಾಗ ಖಾಲಿ ಬೀಳುತ್ತದೆ. ಖಾಲಿ ಬಿದ್ದ ಕಡೆಗೆಲ್ಲ ಅವಳ ಪ್ರೋಗ್ರಾಂ ಕೆಂಪು ಹಚ್ಚಬೇಕು. ಹದಿನೇಳು ವರ್ಷದಲ್ಲಿ ಒಂದೂ ಕೆಂಪಿಲ್ಲದ ನಕ್ಷೆಯನ್ನು ಅವಳು ಕಂಡಿರಲಿಲ್ಲ. ಗಟ್ಟಿ ಚಳಿಯ ವರ್ಷದಲ್ಲೂ ನಾಲ್ಕಾರು ಚುಕ್ಕೆ ಇದ್ದೇ ಇರುತ್ತಿದ್ದವು. ಈ ವರ್ಷ, ಚಳಿಯೇ ಸರಿಯಾಗಿ ಬಾರದ ವರ್ಷ, ಒಂದೂ ಇಲ್ಲ.

"ಯಾಕೆ ಕೂಕಮ್, ಹಲ್ಲು ನೋವಾ?" ಎಂದ ಎಲೈಜಾ. ಅವರ ಭಾಷೆಯಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಅರವತ್ತೊಂದರ ರಾಗ್ನಾಳನ್ನು ಅವನು ಅಕ್ಕರೆಗೂ ಹಾಗೇ ಕರೆಯುತ್ತಿದ್ದ, ಅಣಕಕ್ಕೂ ಹಾಗೇ.

ರಾಗ್ನಾ ಕಪ್ಪನ್ನು ನೆಲದ ಮೇಲಿಟ್ಟಳು. ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಪ್ರೋಗ್ರಾಮಿಗೆ ಒಂದೇ ಪ್ರಶ್ನೆ ಹಾಕಿದಳು: ಯಾವ ಲೈಬ್ರರಿಯನ್ನು ಎಲ್ಲಿಂದ ಎತ್ತಿಕೊಂಡೆ, ಜಾಗ ಹೇಳು. ಪರದೆಯ ಮೇಲೆ ಮೂರು ಸಾಲು ಬಂದವು. ಓದುವ ಲೈಬ್ರರಿ, ಬುತ್ತಿಯಿಂದ. ನಕ್ಷೆಯ ಲೈಬ್ರರಿ, ಬುತ್ತಿಯಿಂದ. ಲೆಕ್ಕದ ಲೈಬ್ರರಿ ಮಾತ್ರ ಹಲಗೆಮನೆಯ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿಂದ. ಯಾವನೋ ಸರ್ವೆಯವನು ಬಹಳ ವರ್ಷದ ಹಿಂದೆ ಹಾಕಿ ಬಿಟ್ಟುಹೋದ ಹಳೆಯ ಆವೃತ್ತಿ.

ಪಟ್ಟಿಯಲ್ಲಿ ಲೆಕ್ಕದ ಲೈಬ್ರರಿಯ ಹೆಸರು ಇತ್ತು. ಬುತ್ತಿ ತೆರೆದು ನೋಡಿದಳು. ಬುತ್ತಿಯಲ್ಲಿ ಅದು ಇರಲಿಲ್ಲ.

ಡಿಸೆಂಬರಿನಲ್ಲಿ ಬುತ್ತಿ ಕಟ್ಟಿದ ಬೆಳಗು ಕಣ್ಣ ಮುಂದೆ ನಿಂತಿತು. ಹೊಸ ಆವೃತ್ತಿ ಹಾಕೋಣವೆಂದು ಬುತ್ತಿಯಿಂದ ಹಳೆಯದನ್ನು ಅಳಿಸಿದ್ದಳು. ಅಷ್ಟರಲ್ಲಿ ಅಡಿಗೆಮನೆಯಿಂದ ಎಣ್ಣೆಯಲ್ಲಿದ್ದ ಕ್ಲೈನರ್ ಎಂಬ ತಿಂಡಿ ಸೀಯುವ ವಾಸನೆ ಬಂತು. ಹಬ್ಬಕ್ಕೆಂದು ಹಿಟ್ಟು ತಿರುಚಿ ಕರಿಯುತ್ತಿದ್ದಳು. ಎದ್ದು ಹೋದಳು, ಬಾಣಲೆ ಇಳಿಸಿದಳು, ಬಂದು ಕೂತಳು, ಹೊಸದನ್ನು ಹಾಕಲು ಮರೆತು ಪ್ರೋಗ್ರಾಂ ಓಡಿಸಿದಳು. ಸೊಗಸಾಗಿ ಓಡಿತು. ಓಡದೆ ಏನು, ಅವಳ ಸ್ವಂತ ಯಂತ್ರದಲ್ಲಿ ಆ ಲೈಬ್ರರಿ ಮೊದಲಿನಿಂದಲೂ ಇತ್ತು. ಬುತ್ತಿಯಲ್ಲಿ ಸಿಗದ್ದನ್ನು ಪ್ರೋಗ್ರಾಂ ಮನೆಯ ಕಪಾಟಿನಿಂದ ತೆಗೆದುಕೊಂಡು ಉಂಡಿತ್ತು, ಚಕಾರ ಎತ್ತದೆ. ನೆಲಮಾಳಿಗೆಗೆ ಇಳಿದು ಬರಿಯ ಲ್ಯಾಪ್‌ಟಾಪಿನಲ್ಲಿ ನೋಡಬೇಕಿತ್ತು. ಅಂದು ಮಂಡಿ ನೋಯುತ್ತಿತ್ತು. ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ಅವಳು ಇಳಿದಿರಲಿಲ್ಲ.

ಇಲ್ಲಿಯೂ ಪ್ರೋಗ್ರಾಂ ಅದೇ ಚಾಳಿ ಮಾಡಿತ್ತು. ಸಿಕ್ಕಿದ್ದನ್ನು ತಿಂದು ತೇಗಿತ್ತು. ಅವಳ ಆವೃತ್ತಿ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡುತ್ತದೆ. ಸರ್ವೆಯವನ ಹಳೆಯದಕ್ಕೆ ಖಾಲಿ ಕಂಡರೆ ಆಗದು. ಈ ಕಡೆಯ ಅಂಕಿಗೂ ಆ ಕಡೆಯ ಅಂಕಿಗೂ ಒಂದು ಗೆರೆ ಎಳೆದು, ನಡುವಿನ ಹಳ್ಳವನ್ನು ತಾನೇ ತುಂಬಿಬಿಡುತ್ತದೆ. ನೂರ ಏಳು ಎಂಬುದು ರೇಡಾರ್ ಓದಿದ ಜಾಗದ ಮಾತು. ಓದದ ಕಡೆ ಎಷ್ಟಿದೆ ಎಂದು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಆ ಜಾಗದ ಕಡೆಗೆ ಸ್ಟೀನಿ ಮೂವತ್ತೆಂಟು ಟನ್ ಹೊತ್ತು ಹೋಗುತ್ತಿದ್ದ.

ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ನಲವತ್ತು ನಿಮಿಷ. ಹತ್ತನೆಯ ಕಿಲೋಮೀಟರ್.

"ಎಲೈಜಾ," ಎಂದಳು. "ನನ್ನ ಲೆಕ್ಕ ತಪ್ಪಿದೆ. ಮುಂದೆ ಎಲ್ಲೋ ಕೆಸರಿದೆ. ಎಲ್ಲಿ ಅಂತ ಗೊತ್ತಿಲ್ಲ."

ಎಲೈಜಾನ ಕೈ ರೇಡಿಯೋದ ಕಡೆಗೆ ಹಾರಿತು. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

"ಬಿಡು ಕೂಕಮ್, ನಿಲ್ಲಿಸು ಅಂತೀನಿ."

"ಎಲ್ಲಿ ನಿಲ್ಲಿಸ್ತೀಯ? ನಿಂತ ಗಾಡಿ ಕೆಳಗೆ ಮಂಜುಗಡ್ಡೆ ಬಗ್ಗುತ್ತೆ, ಅದು ನಿಂಗೂ ಗೊತ್ತು. ಅವನು ಕೆಸರಿನ ಮೇಲೇ ಇದ್ದು ಬ್ರೇಕ್ ಒತ್ತಿದ್ರೆ?"

"ತಿರುಗಿಸ್ಲಿ ಹಾಗಾದ್ರೆ."

"ತಿರುಗಿಸ್ಬೇಕಾದ್ರೂ ನಿಂತೇ ತಿರುಗಿಸ್ಬೇಕು. ಹದಿಮೂರರಲ್ಲಿ ದ್ವೀಪ ಇದೆ, ನೆಲ ಹತ್ತಬಹುದು. ಕೆಸರು ದ್ವೀಪದ ಆಚೆ ಇದ್ರೆ ಅವನು ಬದುಕ್ತಾನೆ. ಈಚೆ ಇದ್ರೆ..." ಲ್ಯಾಪ್‌ಟಾಪಿನ ಕಡೆ ತಿರುಗಿದಳು. "ಸ್ವಲ್ಪ ಹೊತ್ತು ಕೊಡು. ಅವನಿಗೆ ಏನೂ ಹೇಳ್ಬೇಡ."

ದ್ವೀಪಕ್ಕೆ ಹನ್ನೆರಡು ನಿಮಿಷದ ದಾರಿ. ಇಂಟರ್ನೆಟ್ ಇದ್ದಿದ್ದರೆ ಲೈಬ್ರರಿ ಇಳಿಸಿಕೊಳ್ಳಲು ಅರ್ಧ ನಿಮಿಷ ಸಾಕಿತ್ತು. ಇಲ್ಲಿ ಕಿಟಕಿಯಾಚೆ ಬಿಳಿ ಬಯಲು, ಬಯಲಿನ ಮೇಲೆ ಕಿಲೋಮೀಟರಿಗೊಂದರಂತೆ ನೆಟ್ಟ ಸ್ಪ್ರೂಸ್ ಗಿಡಗಳ ಸಾಲು, ಅಷ್ಟೇ. ರಾಗ್ನಾ ಲೆಕ್ಕದ ಲೈಬ್ರರಿಯ ಸಹವಾಸವೇ ಬೇಡವೆಂದು ಬಿಟ್ಟಳು. ಪೈಥಾನಿಗೆ ಹುಟ್ಟಿನಿಂದ ಬರುವ ಒಂದು, ಎರಡು, ಮೂರರ ಎಣಿಕೆ ಸಾಕು. ಅಂಕಿಗಳನ್ನು ಒಂದೊಂದಾಗಿ ನೋಡು, ಖಾಲಿ ಸಿಕ್ಕರೆ ಎಷ್ಟನೆಯ ಮೀಟರ್ ಎಂದು ಬರೆ. ಹತ್ತು ಸಾಲಿನ ಕೆಲಸ. ಕಣ್ಣು ಮುಚ್ಚಿ ಬರೆಯಬಲ್ಲಳು. ಆದರೆ ಮೂರನೆಯ ಸಾಲಿನಲ್ಲೇ ತಪ್ಪಿತು. ಅಳಿಸಿದಳು. ಐದನೆಯ ಸಾಲಿನಲ್ಲಿ ಮತ್ತೆ ತಪ್ಪಿತು. ಮೂಗಿಗೆ, ಎಲ್ಲಿಂದಲೋ, ಅಪ್ಪ ಲಾರಸನ ಒದ್ದೆ ಕೋಟಿನ ವಾಸನೆ ಬಂದಂತಾಯಿತು. ಅವಳು ಆ ಕೋಟನ್ನು ಕಂಡವಳೇ ಅಲ್ಲ, ಅದು ಹೋದದ್ದು ಅವಳು ಹುಟ್ಟುವ ಮುಂಚೆ.

ಅಷ್ಟರಲ್ಲಿ ರೇಡಿಯೋ ಗರಗರ ಎಂದಿತು.

"ಹನ್ನೊಂದರ ಗಿಡ ದಾಟಿದೆ. ಏನ್ರೀ ಮನೇಲಿರೋರು, ಕಾಫಿ ಎಲ್ಲಾ ಖಾಲಿ ಮಾಡಿದ್ರಾ?"

ಎಲೈಜಾ ರಾಗ್ನಾಳನ್ನು ನೋಡಿದ. ಮಾತಾಡು ಎಂದು ಅವಳು ಕಣ್ಣಲ್ಲೇ ಹೇಳಿದಳು.

"ನಿನ್ನ ಪಾಲು ಆಗ್ಲೇ ಕುಡಿದಾಯ್ತು," ಎಂದ ಎಲೈಜಾ. ಹಣೆಯ ಮೇಲೆ ಬೆವರಿದ್ದರೂ ದನಿ ಅಲುಗಲಿಲ್ಲ. "ಮಂಜುಗಡ್ಡೆ ಹೇಗಿದೆ?"

"ಚಟಚಟ ಅಂತ ಮಾತಾಡ್ತಿದೆ. ಮಾತಾಡ್ತಿರೋವರೆಗೂ ಒಳ್ಳೇದೇ. ಸುಮ್ಮನಾದ್ರೆ ಹೇಳ್ತೀನಿ."

ರಾಗ್ನಾ ಗುಂಡಿ ಒತ್ತಿದಳು. ಪ್ರೋಗ್ರಾಂ ಕಿಲೋಮೀಟರುಗಳನ್ನು ಒಂದೊಂದಾಗಿ ಎಣಿಸತೊಡಗಿತು. ಮೊದಲ ಖಾಲಿ, ನಾಲ್ಕನೆಯ ಕಿಲೋಮೀಟರಿನಲ್ಲಿ, ಎರಡು ಮೀಟರ್ ಉದ್ದ. ಸ್ಟೀನಿ ಅದನ್ನು ದಾಟಿ ಆಗಿತ್ತು. ಆಮೇಲೆ ಏನೂ ಇಲ್ಲ. ಎಂಟು, ಒಂಬತ್ತು, ಹತ್ತು. ಹನ್ನೊಂದು. ಹನ್ನೆರಡು. ಒಂದೂ ಖಾಲಿ ತೋರಲಿಲ್ಲ. ಅದು ಒಳ್ಳೆಯದೋ ಪ್ರೋಗ್ರಾಂ ಮತ್ತೆ ಸುಳ್ಳು ಹೇಳುತ್ತಿದೆಯೋ ತಿಳಿಯದು. ಈಗ ಅವಳಿಗೆ ತಾನು ಬರೆದದ್ದರ ಮೇಲೂ ನಂಬಿಕೆ ಇರಲಿಲ್ಲ. ಹದಿಮೂರು. ದ್ವೀಪ. ಹದಿನಾಲ್ಕು, ಹದಿನೈದು. ಹದಿನಾರು ಕಿಲೋಮೀಟರ್ ಇನ್ನೂರು ಮೀಟರಿನಿಂದ ಸಾಲುಗಟ್ಟಿ ಬಂದವು. ಖಾಲಿ, ಖಾಲಿ, ಖಾಲಿ. ನೂರ ಎಂಬತ್ತು ಮೀಟರ್.

ಹನ್ನೊಂದೂ ಎಂಟು. ರಾಗ್ನಾ ರೇಡಿಯೋ ಕೈಗೆತ್ತಿಕೊಂಡಳು. ದನಿಯಲ್ಲಿ ಒಂದು ಎಳೆ ಭಯ ಕೇಳಿದರೂ ತಮ್ಮನ ಕಾಲು ಬ್ರೇಕಿಗೆ ಹೋದೀತು.

"ಸ್ಟೀನಿ. ಎಷ್ಟರಲ್ಲಿದೀಯ?"

"ಹನ್ನೆರಡರ ಗಿಡ ಈಗ ಪಕ್ಕದಲ್ಲೇ ಇದೆ. ಏನಕ್ಕಾ, ತಾತ ಕನಸಲ್ಲಿ ಬಂದ್ನಾ?"

"ಕೇಳಿಲ್ಲಿ. ವೇಗ ಹೀಗೇ ಇರಲಿ. ಜಾಸ್ತಿ ಬೇಡ, ಕಮ್ಮಿ ಬೇಡ. ಹದಿಮೂರರಲ್ಲಿ ಬಲಕ್ಕೆ ತಗೊಂಡು ದ್ವೀಪಕ್ಕೆ ಹತ್ತಿಸು. ನಾಲ್ಕೂ ಕಡೆ ಚಕ್ರ ನೆಲದ ಮೇಲೆ ಬಂದ ಮೇಲೆ ನಿಲ್ಲಿಸು. ಅಲ್ಲೀವರೆಗೂ ನಿಲ್ಲಿಸಬೇಡ."

ಸ್ಟೀನಿ ಲಾರಸನ ಮಗ. ಏಕೆ ಎಂದು ಕೇಳಲಿಲ್ಲ.

"ಸರಿ," ಎಂದ. ದನಿಯಲ್ಲಿದ್ದ ನಗೆ ಹೋಗಿತ್ತು.

ನಾಲ್ಕು ನಿಮಿಷ. ಎಲೈಜಾ ಒಲೆಗೆ ಕಟ್ಟಿಗೆ ಇಡಲು ಹೋದವನು ಕೈಯಲ್ಲೇ ಹಿಡಿದು ನಿಂತುಬಿಟ್ಟ. ರಾಗ್ನಾ ಗಡಿಯಾರ ನೋಡಲಿಲ್ಲ, ಪರದೆ ನೋಡಲಿಲ್ಲ. ಬುತ್ತಿಯ ಕೆಂಪು ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳ ತುದಿ ನೀಲಿಗಟ್ಟಿತು. ಕಿಟಕಿಯಲ್ಲಿ ಏನೂ ಕಾಣದು. ದ್ವೀಪ ಕಣ್ಣಳತೆಗೆ ಎಟುಕದಷ್ಟು ದೂರ.

"ಹತ್ತಿದೆ," ಎಂದಿತು ರೇಡಿಯೋ. "ಎಲ್ಲಾ ಚಕ್ರ ಕಲ್ಲಿನ ಮೇಲಿವೆ. ಈಗ ಹೇಳು, ಯಾವ ಕತ್ತೆ ಮಾಡಿದ್ದು ಈ ಕೆಲಸ?"

"ನಾನೇ," ಎಂದಳು ರಾಗ್ನಾ.

ಮಧ್ಯಾಹ್ನ ಎಲೈಜಾ ಸ್ನೋಮೊಬೈಲಿನಲ್ಲಿ ಹದಿನಾರಕ್ಕೆ ಹೋಗಿ ಬೈರಿಗೆಯಿಂದ ತೂತು ಕೊರೆದು ಬಂದ. ಅರವತ್ತೊಂದು ಸೆಂಟಿಮೀಟರ್, ಅದರಲ್ಲೂ ಅರ್ಧ ನೀರು ಕುಡಿದ ಕೆಸರು. ಮೂವತ್ತೆಂಟು ಟನ್ ಇರಲಿ, ಅದರ ಅರ್ಧಕ್ಕೂ ಸಾಲದು. "ನಿನ್ನ ವಯಸ್ಸಿಗೆ ಸರಿಯಾಗಿದೆ ಕೂಕಮ್," ಎಂದು ನಗಿಸಲು ನೋಡಿದ. ಅವಳು ಬೋರ್ಡಿನ ಮೇಲಿನ 'ತೆರೆದಿದೆ' ಎಂಬುದನ್ನು ಅಂಗೈಯಿಂದ ಒರೆಸಿ, ಕೆಳಗಿದ್ದ ತನ್ನ ಸಹಿಯನ್ನು ಮಾತ್ರ ಹಾಗೇ ಬಿಟ್ಟಳು.

ಮರುದಿನ ಅವಳು ಮನೆಗೆ ಹೋಗಿ ಬಂದಳು. ಹಿಂತಿರುಗುವಾಗ ನೆಲಮಾಳಿಗೆಯ ಬರಿಯ ಲ್ಯಾಪ್‌ಟಾಪ್ ಕಂಕುಳಲ್ಲಿತ್ತು. ಅದನ್ನು ಹಲಗೆಮನೆಯ ಮೇಜಿನ ಮೇಲಿಟ್ಟು, ಹೊಸದಾಗಿ ಕಟ್ಟಿದ ಬುತ್ತಿಯನ್ನು ಎಲ್ಲರ ಕಣ್ಣೆದುರು ಓಡಿಸಿದಳು. ಪಟ್ಟಿಯಲ್ಲಿರುವ ಒಂದಾದರೂ ಬುತ್ತಿಯಲ್ಲಿ ಸಿಗದಿದ್ದರೆ, ಅಥವಾ ಬೇರೆಲ್ಲಿಂದಲಾದರೂ ಬಂದರೆ, ಪ್ರೋಗ್ರಾಂ ಒಂದು ಹೆಜ್ಜೆ ಮುಂದಿಡದೆ ನಿಂತು ಬೊಬ್ಬೆ ಹಾಕುವಂತೆ ಮೊದಲ ಸಾಲಿನಲ್ಲೇ ಬರೆದಿದ್ದಳು. ಅದನ್ನು ನಂಬದೆ, ಬೇಕೆಂದೇ ಒಂದು ಲೈಬ್ರರಿ ಅಳಿಸಿ ಓಡಿಸಿದಳು. ಬೊಬ್ಬೆ ಹಾಕಿತು. ಮತ್ತೆ ಹಾಕಿ ಓಡಿಸಿದಳು. ರಸ್ತೆಯನ್ನು ಪಡುವಣಕ್ಕೆ ಎರಡು ಕಿಲೋಮೀಟರ್ ಸರಿಸಿ, ನಾಲ್ಕು ದಿನ ನೀರು ಹಾಯಿಸಿ ಮಂಜುಗಡ್ಡೆ ಬೆಳೆಸಿ, ಮತ್ತೆ ಅಳೆದರು. ಈ ಸಲ ನಕ್ಷೆಯಲ್ಲಿ ಐದು ಕೆಂಪು ಚುಕ್ಕೆ. ಐದನ್ನೂ ಕೊರೆದು ನೋಡಿದರು. ಎಲ್ಲ ಕಡೆಯೂ ನೂರಕ್ಕೆ ಮೇಲಿತ್ತು. ಆಚೆ ಊರಿನಲ್ಲಿ ಎರಡು ದಿನದ ಡೀಸೆಲ್ ಉಳಿದಿತ್ತು.

ರಸ್ತೆಯ ಗುತ್ತಿಗೆ ಹಿಡಿದ ಕಂಪನಿಯವರು ರೇಡಿಯೋದಲ್ಲಿ ವಿನ್ನಿಪೆಗ್‌ನಿಂದ ಮಾತಾಡಿದರು. ಬುತ್ತಿ ಕಟ್ಟಲು ಇನ್ನು ಮುಂದೆ ನಮ್ಮ ಕಡೆಯವರನ್ನು ಕಳಿಸುತ್ತೇವೆ, ನೀವು ಅಳತೆಯೊಂದನ್ನು ನೋಡಿಕೊಂಡರೆ ಸಾಕು ಎಂದರು. ಆಮೇಲೆ ಹೇಳುತ್ತೇನೆ ಎಂದಳು ರಾಗ್ನಾ.

ರಸ್ತೆ ತೆರೆಯುವ ದಿನ ಬೆಳಗ್ಗೆ ಹತ್ತಕ್ಕೆ, ದಾರಿ ಕೊರೆದು ನೋಡಿಕೊಂಡು ದ್ವೀಪದಿಂದ ವಾಪಸ್ ತಂದಿದ್ದ ಟ್ಯಾಂಕರಿನ ಇಂಜಿನನ್ನು ಸ್ಟೀನಿ ಬಿಸಿ ಮಾಡುತ್ತಿದ್ದ. ತಾತ ಮುಂಡಿ ಮಂಜುಗಡ್ಡೆ ಕುಟ್ಟಿ ನೋಡುತ್ತಿದ್ದ, ಈಗ ಗೋಡೆಗೆ ತೂಗುಹಾಕಿದ್ದ ಹಾರೆಯನ್ನು ರಾಗ್ನಾ ಇಳಿಸಿದಳು. ಅದರ ತಣ್ಣನೆಯ ಕಬ್ಬಿಣ ಕೈಗವಸನ್ನೂ ದಾಟಿ ಕಚ್ಚಿತು. ಹೊಸ ದಾರಿಯ ಮೊದಲ ಗಿಡದವರೆಗೆ, ಪೂರ್ತಿ ಒಂದು ಕಿಲೋಮೀಟರ್, ಟ್ಯಾಂಕರಿನ ಮುಂದೆ ನಡೆಯುವುದೆಂದು ನಿಶ್ಚಯಿಸಿದ್ದಳು. ಆಮೇಲೆ ಗಾಡಿ ಹತ್ತಿ, ಬಾಗಿಲು ತೆರೆದಿಟ್ಟು, ಆಚೆ ದಡದವರೆಗೂ ತಮ್ಮನ ಪಕ್ಕ ಕೂರುವುದು. ಹಿಂದಿನ ರಾತ್ರಿ ಕಣ್ಣು ಮುಚ್ಚಿದಾಗಲೆಲ್ಲ ನೂರ ಎಂಬತ್ತು ಮೀಟರ್ ಖಾಲಿ ಸಾಲು ಇಳಿಯುತ್ತಿತ್ತು.

ಎಲೈಜಾ ಸುರುಳಿ ಹಗ್ಗ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆಯೇ ಬಂದ.

"ಆ ಮಂಡಿ ಕಟ್ಕೊಂಡು ಎಲ್ಲಿಗೆ ಹೊರಟೆ? ನಾನೂ ಬರ್ತೀನಿ. ಹಗ್ಗದ ಒಂದು ತುದಿ ನಿನ್ನ ಸೊಂಟಕ್ಕೆ, ಇನ್ನೊಂದು ನನ್ನ ಸೊಂಟಕ್ಕೆ. ಕಾಲು ಸೋತರೆ ಹಿಡ್ಕೋತೀನಿ. ಇಲ್ಲ ಅನ್ಬೇಡ ಕೂಕಮ್, ನಿನ್ನ ಕೈ ನಡುಗ್ತಿರೋದು ಇಲ್ಲಿಂದ್ಲೇ ಕಾಣ್ತಿದೆ."

ರಾಗ್ನಾ ಹಾರೆಯನ್ನು ಕೈಯಿಂದ ಕೈಗೆ ಬದಲಿಸಿದಳು. ನಡುಕವನ್ನು ಮರೆಮಾಡಲು ಹೋಗಲಿಲ್ಲ.

"ಬೇಡ ಎಲೈಜಾ. ನಡುಗ್ತಿದೆ, ನಡುಗ್ಲಿ. ನೀನು ಪಕ್ಕದಲ್ಲಿದ್ರೆ ನನ್ನ ಕಾಲು ನಿನ್ನ ಮೇಲೆ ಒರಗಿಬಿಡುತ್ತೆ, ಒರಗಿದ್ದು ನಂಗೇ ತಿಳಿಯಲ್ಲ. ಬುತ್ತಿಲಿ ಇಲ್ಲದ್ದಕ್ಕೆ ಲ್ಯಾಪ್‌ಟಾಪಿನ ಮೇಲೆ ಒರಗಿ ನನ್ನ ಪ್ರೋಗ್ರಾಂ ಮಾಡಿದ್ದೂ ಅದನ್ನೇ. ಹಗ್ಗ ಒಳಗಿಡು. ಆ ಕಂಪನಿಯವರಿಗೂ ಹೇಳ್ಬಿಡು, ಬುತ್ತಿ ನಾನೇ ಕಟ್ತೀನಿ, ನೆಲಮಾಳಿಗೆಗೆ ನಾನೇ ಇಳೀತೀನಿ, ಯಾರನ್ನೂ ಕಳಿಸೋದು ಬೇಡ. ಅಳೆದಿದ್ದು ನಾನು, ಮುಂದೆ ನಡೆಯೋದೂ ನಾನೇ. ಸರಿ ಪಕ್ಕಕ್ಕೆ, ಸ್ಟೀನಿ ಕಾಯ್ತಿದಾನೆ."